ಅಂಗಿಗೆ ಮೈಯೋ, ಮೈಗೆ ಅಂಗಿಯೋ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ನಾಣ್ಣುಡಿ ನಮ್ಮಲ್ಲಿ ಮನೆಮಾತಾಗಿದೆ. ಆದಾಯವನ್ನು ನೋಡಿಕೊಂಡು ವೆಚ್ಚ ಮಾಡೆಂಬುದು ಅದರ ತಾತ್ಪರ್ಯ. ಹಣಕಾಸಿನ ಮಟ್ಟಿಗೆ ಈ ಮಾತನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಉಡುಗೆ-ತೊಡುಗೆಗಳ ವಿಷಯದಲ್ಲಿಯೂ ನಾವು ಇದನ್ನೇ ಅಕ್ಷರಶಃ ಪಾಲಿಸುತ್ತ ಬಂದಿರುವುದು ಸೋಜಿಗದ ಸಂಗತಿ. ಅಂಗಿಯ ತೋಳು ಉದ್ದವಾದರೆ ಮಡಿಚಿಕೊಳ್ಳುತ್ತೇವೆ. ಪ್ಯಾಂಟಿನ ನಡು ಸಡಿಲವಾದರೆ ಬೆಲ್ಟು ಬಿಗಿಯುತ್ತೇವೆ. ಕುಪ್ಪಸದ ಕಂಕುಳು ಹಿಡಿದರೆ ಕೈಯನ್ನು ಮೇಲೆತ್ತದೆಯೇ ದಿನ ಕಳೆಯುತ್ತೇವೆ. ಅರಿವೆ ಇದ್ದಂತೆ ಮೈ ಇರಬೇಕೆಂಬುದು ಯಾರೂ ಬರೆಯದ ಶಾಸನವಾಗಿಬಿಟ್ಟಿದೆ. ಅರಿವೆಯನ್ನೇ ಮೈಗೆ ತಕ್ಕಂತೆ ತಿದ್ದಿಸಬಹುದು, ಅದಕ್ಕಾಗಿ ಊರಿನಲ್ಲಿ ಒಬ್ಬ ಸಿಂಪಿಗನಿದ್ದಾನೆ ಎಂಬುದು ನಮಗೆ ನೆನಪಾಗುವುದು ಮದುವೆ-ಮುಂಜಿಗಳ ಕಾಲದಲ್ಲಿ ಮಾತ್ರ. ದಿನಬಳಕೆಯ ಬಟ್ಟೆಗೆ ಆ ಭಾಗ್ಯವಿಲ್ಲ. ವರ್ಷಕ್ಕೊಮ್ಮೆ ತೊಡುವ ಅರಿವೆಗೆ ದೊರೆಯುವ ಆರೈಕೆ ವರ್ಷವೆಲ್ಲ ತೊಡುವ ಅರಿವೆಗೇಕೆ ದೊರೆಯಬಾರದು? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಊರು ತುಕ್ಕಾನಟ್ಟಿ. ಬಹುಕಾಲ ಗೋಕಾಕ ತಾಲೂಕಿನಲ್ಲಿದ್ದು, ಈಗ ಮೂಡಲಗಿ ತಾಲೂಕಿಗೆ ಸೇರಿದ ಊರಿದು. ಊರು ಇದ್ದಲ್ಲಿಯೇ ಇದೆ. ತಾಲೂಕಿನ ಮೇರೆಯ ಹೊಲಿಗೆಯನ್ನಷ್ಟೇ ಬಿಚ್ಚಿ ಬೇರೆ ಕಡೆಗೆ ಹಾಕಿದ್ದಾರೆ. ಬೆಳಗಾವಿ ಜಿಲ್ಲೆಯ ರೈತರು ಇದನ್ನು ಕೃಷಿ ವಿಜ್ಞಾನ ಕೇಂದ್ರವಿರುವ ಊರೆಂದು ಬಲ್ಲರು. ನಾವು ಹುಡುಗರಾಗಿದ್ದಾಗ ಬಟ್ಟೆಯೆಂದರೆ ದೀಪಾವಳಿಯ ಮಾತು. ಗೋಕಾಕದ ಪೇಟೆಯಿಂದ ಒಂದೇ ಬಣ್ಣದ ಅರಿವೆಯನ್ನು ಗಜಗಟ್ಟಲೆ ಹರಿಸಿ ತರುತ್ತಿದ್ದರು. ಅಣ್ಣತಮ್ಮಂದಿರೆಲ್ಲರೂ ಸಾಲಾಗಿ ನಿಂತು ಸಿಂಪಿಗನಿಗೆ ಅಳತೆ ಕೊಡುತ್ತಿದ್ದೆವು. “ಬೆಳಿಯೂ ಹುಡುಗ್ರು, ಒಂದೀಟು ಬಿಟ್ಟು ಹೊಲಿಯಪಾ” ಎಂದು ಹಿರಿಯರು ಹೇಳುವರು. ಆತನೂ ತೋಳಿನ ತುದಿಯಲ್ಲಿ, ಚಣ್ಣದ ನಡುವಿನಲ್ಲಿ, ಅಂಗಿಯ ಬದಿಗಳಲ್ಲಿ ಬೆರಳಗಲದ ಬಟ್ಟೆಯನ್ನು ಒಳಗೆ ಮಡಿಚಿ ಬಿಡುವನು. ಮರುವರ್ಷ ಆ ಮಡಿಕೆಯನ್ನು ಬಿಚ್ಚಿದರೆ ಹಳೆಯ ಅಂಗಿಯೇ ಹೊಸ ಅಂಗಿ. ಬಿಚ್ಚಿದ ಕಡೆಯ ಪಟ್ಟಿ ಮಾತ್ರ ಬಿಸಿಲು ಕಾಣದೆ ಬಣ್ಣ ಉಳಿಸಿಕೊಂಡಿರುತ್ತಿತ್ತು. ಒಂದು ವರ್ಷದಲ್ಲಿ ಎಷ್ಟು ಬೆಳೆದಿದ್ದೇವೆಂಬುದನ್ನು ಆ ಪಟ್ಟಿಯೇ ಊರಿಗೆಲ್ಲ ಸಾರುತ್ತಿತ್ತು.

ಇಂದು ಆ ಪದ್ಧತಿ ಬಹುಮಟ್ಟಿಗೆ ಅಳಿದಿದೆ. ಗೋಕಾಕ, ಮೂಡಲಗಿಗಳ ಅಂಗಡಿಗಳಲ್ಲಿ ಸಿದ್ಧ ಉಡುಪುಗಳು ಸಾಲುಸಾಲಾಗಿ ತೂಗುತ್ತವೆ. ಕೊರಳಪಟ್ಟಿಯ ಒಳಗೆ ಒಂದು ಅಂಕಿಯೋ ಅಕ್ಷರವೋ ಇರುತ್ತದೆ. ಆ ಗುರುತಿನಲ್ಲಿ ನಾವು ನಮ್ಮನ್ನು ಹುಡುಕಿಕೊಳ್ಳಬೇಕು. ಈ ಅಂಕಿಗಳಾದರೂ ಯಾರ ಮೈಯಿಂದ ಬಂದವು? ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ೧೮೬೧ರಿಂದ ೧೮೬೫ರವರೆಗೆ, ಅಸಂಖ್ಯ ಸೈನಿಕರಿಗೆ ತೀವ್ರವಾಗಿ ಸಮವಸ್ತ್ರ ಒದಗಿಸಬೇಕಾಗಿ ಬಂದುದರಿಂದ ಗಂಡಸರ ಅಳತೆಗಳನ್ನು ಕೆಲವೇ ಗುಂಪುಗಳಾಗಿ ಕಟ್ಟುವ ಪದ್ಧತಿಗೆ ಬಲ ಬಂದಿತು. ಅದೇ ದೇಶದ ಕೃಷಿ ಇಲಾಖೆ ೧೯೩೯-೪೦ರಲ್ಲಿ ಸುಮಾರು ೧೫,೦೦೦ ಹೆಂಗಸರ ಮೈ ಅಳೆಯಿಸಿ, ೧೯೪೧ರಲ್ಲಿ ವರದಿ ಪ್ರಕಟಿಸಿತು. ನಮ್ಮ ಮಾರುಕಟ್ಟೆಗೆ ಬರುವ ಉಡುಪುಗಳು ಬಹುಕಾಲ ಪರದೇಶದ ಅಳತೆಪಟ್ಟಿಗಳನ್ನೇ ಅನುಸರಿಸುತ್ತ ಬಂದವು. ಭಾರತೀಯರಿಗೆ ಭಾರತೀಯರದೇ ಅಳತೆ ಬೇಕೆಂಬ ಅರಿವಿನಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಈಚಿನ ವರ್ಷಗಳಲ್ಲಿ ಹದಿನೈದರಿಂದ ಅರವತ್ತೈದು ವಯಸ್ಸಿನ ೨೫,೦೦೦ ಜನರನ್ನು ಯಂತ್ರಗಳಿಂದ ಅಳೆಯುವ ಯೋಜನೆಯನ್ನು ಹಾಕಿಕೊಂಡಿತು. ಅದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಎಷ್ಟು ಜನರನ್ನು ಅಳೆದರೂ ಸಿಗುವುದು ಒಂದು ಸರಾಸರಿ. ಸರಾಸರಿಯ ಮನುಷ್ಯ ಯಾವ ಬೀದಿಯಲ್ಲಿಯೂ ನಡೆದಾಡುವುದಿಲ್ಲ. ಕಬ್ಬಿನ ಗಳ ಹೊತ್ತು ಹೊತ್ತು ಒಂದು ಭುಜ ಇಳಿದ ರೈತ, ಬಸುರಿ-ಬಾಣಂತನಗಳನ್ನು ಕಂಡ ತಾಯಿ, ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದ ಹುಡುಗ, ಇವರು ಅಂಕಿಯಲ್ಲಿ ಹಿಡಿಯುವವರಲ್ಲ.

ಹೀಗಾಗಿ ಅಂಕಿಗೂ ಮನುಷ್ಯನಿಗೂ ನಡುವೆ ಉಳಿದುಬಿಡುವ ಆ ಎರಡು ಬೆರಳಿನ ಅಂತರವನ್ನು ತುಂಬುವವನು ಬೇಕು. ಅವನೇ ನಮ್ಮ ಸಿಂಪಿಗ. ಈ ಪದದ ಹುಟ್ಟನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸಂಸ್ಕೃತದ ‘ಶಿಲ್ಪಿ’ ಶಬ್ದವೇ ಪ್ರಾಕೃತದಲ್ಲಿ ‘ಸಿಪ್ಪಿ’ಯಾಗಿ, ಮರಾಠಿಯಲ್ಲಿ ‘ಶಿಂಪಿ’ಯಾಗಿ ನಿಂತಿತು, ಕನ್ನಡದ ‘ಚಿಪ್ಪಿಗ’, ‘ಸಿಂಪಿಗ’ ರೂಪಗಳು ಅದೇ ಬಳಗದವು. ಕಲ್ಲಿನಲ್ಲಿ ಬೇಡವಾದುದನ್ನು ತೆಗೆದು ಬೇಕಾದುದನ್ನು ಉಳಿಸುವವನಿಗೆ ಯಾವ ಹೆಸರಿದೆಯೋ ಬಟ್ಟೆಯಲ್ಲಿ ಅದೇ ಕೆಲಸ ಮಾಡುವವನಿಗೂ ಅದೇ ಹೆಸರು. ಪಂಢರಪುರದ ವಿಠ್ಠಲಭಕ್ತ ನಾಮದೇವರು ಈ ಕುಲದಲ್ಲಿ ಹುಟ್ಟಿದವರೆಂದು ಪ್ರಸಿದ್ಧಿ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ‘ಸೂಜಿಕಾಯಕದ ರಾಮಿತಂದೆ’ ಎಂಬ ಶರಣನಿದ್ದಾನೆ. ಸೂಜಿ ಅವನ ಹೆಸರಿನ ಮೊದಲಿಗೇ ಬಂದು ಕುಳಿತಿದೆ. ನಮ್ಮ ಕಾಲಕ್ಕೆ ಹತ್ತಿರದವರೆಂದರೆ ಚಡಚಣದ ಜಾನಪದ ವಿದ್ವಾಂಸ ಸಿಂಪಿ ಲಿಂಗಣ್ಣನವರು (೧೯೦೫-೧೯೯೩). ಅವರ ಮನೆತನದ ಹೆಸರಿನಲ್ಲಿಯೂ ಇದೇ ಶಬ್ದವಿದೆ. ಸಣ್ಣ ಕಸುಬೆಂದು ಕಡೆಗಣಿಸುವವರು ಈ ಪರಂಪರೆಯನ್ನು ನೆನೆಯಬೇಕು.

ತಿದ್ದುವ ಕೆಲಸ ಹೊಸದಾಗಿ ಹೊಲಿಯುವುದಕ್ಕಿಂತ ಸುಲಭವೆಂದು ಅನೇಕರ ಎಣಿಕೆ. ನಿಜಸ್ಥಿತಿ ಬೇರೆ. ಹೊಸದನ್ನು ಹೊಲಿಯುವವನು ತನ್ನ ಕತ್ತರಿಗೆ ತಾನೇ ಒಡೆಯ. ತಿದ್ದುವವನು ಮತ್ತೊಬ್ಬನ ಕತ್ತರಿಯ ಕೆಲಸವನ್ನು ಓದಬೇಕು. ಎಲ್ಲಿ ಬಿಚ್ಚಿದರೆ ಎಲ್ಲಿ ಸಡಿಲವಾಗುತ್ತದೆ, ಅರಿವೆಯ ಹಾಸು ಯಾವ ಕಡೆಗಿದೆ, ಹೊಕ್ಕು ಯಾವ ಕಡೆಗಿದೆ, ಹಳೆಯ ಸೂಜಿಯ ತೂತುಗಳು ಕಾಣುವವೋ ಮುಚ್ಚುವವೋ ಎಂಬುದನ್ನೆಲ್ಲ ಆತ ಬೆರಳ ತುದಿಯಿಂದಲೇ ಅರಿಯುತ್ತಾನೆ. ನಮ್ಮೂರಿನ ಸಿಂಪಿಗನೊಬ್ಬನನ್ನು, ಅಂಗಡಿಯ ಅಂಗಿ ಕೊಳ್ಳುವಾಗ ಮೊದಲು ಏನನ್ನು ನೋಡಬೇಕೆಂದು ಕೇಳಿದೆ. ಆತ ಹೇಳಿದ ಮಾತು ನೆನಪಿನಲ್ಲಿಡತಕ್ಕದ್ದು: “ಭುಜ ನೋಡ್ರಿ ಸರ. ಭುಜ ಕೂತ್ರ ಎಲ್ಲಾ ಕೂತಂಗ. ಉದ್ದ ಆದ್ರ ಮಡಸಬಹುದು, ಅಗಲ ಆದ್ರ ಒಳಗ ತಗೋಬಹುದು. ಭುಜ ತಪ್ಪಿದ್ರ ತಿದ್ದೂದಕ್ಕಿಂತ ಹೊಸಾದು ಹೊಲಿಯೂದ ಹಗುರ.” ಇದರಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಪ್ಯಾಂಟಿನ ಉದ್ದ, ನಡುವಿನ ಸುತ್ತಳತೆ, ಅಂಗಿಯ ಬದಿ, ತೋಳಿನ ತುದಿ, ಇವು ಅಲ್ಪ ಖರ್ಚಿನಲ್ಲಿ ಸರಿಹೋಗುತ್ತವೆ. ಭುಜವನ್ನೂ ತೋಳು ಕೂಡುವ ಕಂಕುಳಿನ ಸುತ್ತನ್ನೂ ಬದಲಿಸುವುದು ಕಷ್ಟ. ಆದುದರಿಂದ ಭುಜಕ್ಕೆ ಸರಿಹೊಂದುವುದನ್ನು ಕೊಂಡು ಉಳಿದುದನ್ನು ಸಿಂಪಿಗನಿಗೆ ಒಪ್ಪಿಸುವುದು ಜಾಣತನ.

ಇದರಿಂದ ಲಾಭವೇನು? ನೋಟ ಚೆನ್ನಾಗುತ್ತದೆಂಬ ಉತ್ತರ ಎಲ್ಲರ ಬಾಯಲ್ಲಿದೆ. ಅದು ನಿಜವಾದರೂ ಸಣ್ಣ ಲಾಭ. ದೊಡ್ಡ ಲಾಭವನ್ನು ನಾನು ಕಂಡದ್ದು ನನ್ನ ತರಗತಿಯಲ್ಲಿ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿಯಿದ್ದ. ಕಬ್ಬು ಕಡಿಯುವವರ ಮನೆಯ ಹುಡುಗ. ಬರೆದರೆ ಅಚ್ಚುಕಟ್ಟಾದ ಕನ್ನಡ. ಎದ್ದು ನಿಂತು ಓದೆಂದರೆ ಮಾತ್ರ ಮೌನ. ಒಲ್ಲದ ಮನಸ್ಸಿನಿಂದ ಎದ್ದಾಗಲೆಲ್ಲ ಅವನ ಎಡಗೈ ನಡುವನ್ನು ಹಿಡಿದಿರುತ್ತಿತ್ತು. ಪ್ಯಾಂಟು ಅವನ ಸೋದರಮಾವನದು. ನಾಲ್ಕು ಬೆರಳು ಸಡಿಲ. ಹಗ್ಗವೊಂದನ್ನು ಒಳಗೆ ಬಿಗಿದಿದ್ದರೂ ಅದರ ಮೇಲೆ ಅವನಿಗೆ ಭರವಸೆಯಿರಲಿಲ್ಲ. ಇಂಥ ವಿಷಯದಲ್ಲಿ ಹುಡುಗನ ಮಾನಕ್ಕೆ ಕುಂದು ಬಾರದಂತೆ ನಡೆದುಕೊಳ್ಳಬೇಕು. ನನ್ನದೊಂದು ಅಂಗಿಯ ತೋಳು ಗಿಡ್ಡ ಮಾಡಿಸುವುದಿತ್ತು. ಜೊತೆಗೆ ಬಾರೆಂದು ಅವನನ್ನು ಕರೆದುಕೊಂಡು ಹೋದೆ. ಸಿಂಪಿಗ ನನ್ನ ಅಂಗಿಯನ್ನು ನೋಡಿದ, ಹುಡುಗನ ನಡುವನ್ನು ನೋಡಿದ, ನಾನು ಏನನ್ನೂ ಹೇಳಬೇಕಾಗಲಿಲ್ಲ. “ತಮ್ಮಾ, ನಿಂದೂ ಒಂದ ಹೊಲಿಗಿ ಹೊಡದ ಬಿಡ್ತೀನಿ, ಮಶೀನ್ ಹೆಂಗೂ ನಡದೈತಿ” ಎಂದು ಉಡಲು ಒಂದು ಲುಂಗಿ ಕೊಟ್ಟ. ಅರ್ಧ ಗಂಟೆಯ ಕೆಲಸ. ಮುಂದೆ ಎರಡು ವಾರಕ್ಕೆ ಚರ್ಚಾಸ್ಪರ್ಧೆ ನಡೆದಾಗ ಆ ಹುಡುಗ ತಾನಾಗಿ ಹೆಸರು ಕೊಟ್ಟ. ಬಹುಮಾನವೇನೂ ಬರಲಿಲ್ಲ. ಆದರೆ ಮಾತನಾಡುವಷ್ಟು ಹೊತ್ತೂ ಅವನ ಎರಡೂ ಕೈಗಳು ಗಾಳಿಯಲ್ಲಿದ್ದವು. ಮಾತನಾಡುವವನಿಗೆ ಎರಡು ಕೈ ಬೇಕೆಂಬುದು ಆವರೆಗೆ ನನಗೂ ಹೊಳೆದಿರಲಿಲ್ಲ.

ಹೆಂಗಸರ ಉಡುಪಿನಲ್ಲಿ ಈ ವಿವೇಕ ಮೊದಲಿನಿಂದಲೂ ಹೆಚ್ಚಾಗಿಯೇ ಇದೆ. ಗುಳೇದಗುಡ್ಡದ ಖಣ ಮಗ್ಗದ ಮೇಲೆಯೇ ಕುಪ್ಪಸದ ಲೆಕ್ಕಕ್ಕೆ ಹುಟ್ಟುವ ಬಟ್ಟೆ. ನಮ್ಮ ಕಡೆ ಬಸುರಿಗೆ ತವರವರು ಸೀರೆ-ಕುಪ್ಪಸ ತೊಡಿಸಿ ಉಡಿ ತುಂಬುವ ಮಂಗಳಕಾರ್ಯಕ್ಕೆ ‘ಕುಬಸ’ವೆಂದೇ ಹೆಸರು; ಒಂದು ಉಡುಪೇ ಒಂದು ಸಂಸ್ಕಾರದ ಹೆಸರಾಗಿದೆ. ಕುಪ್ಪಸವನ್ನು ಒಳಮೊಗ ಮಾಡಿ ನೋಡಿದರೆ ಬದಿಯಲ್ಲಿ ಎರಡು ಮೂರು ಹೊಲಿಗೆಯ ಸಾಲುಗಳು ಒಂದರ ಪಕ್ಕಕ್ಕೊಂದು ಕಾಣುತ್ತವೆ. ಮೈ ತುಂಬಿದಾಗ ಒಳಗಿನ ಸಾಲನ್ನು ಬಿಚ್ಚುವುದು, ಇಳಿದಾಗ ಮತ್ತೆ ಹಾಕುವುದು. ಹೆಣ್ಣಿನ ಮೈ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲವೆಂಬ ಸತ್ಯವನ್ನು ಆ ಸಾಲುಗಳು ನಾಚಿಕೆಯಿಲ್ಲದೆ, ದೂರಿಲ್ಲದೆ ಒಪ್ಪಿಕೊಂಡಿವೆ. ಅಂಗಡಿಯ ಅಂಕಿಯಾದರೋ ಹಿಡಿಯದ ಮೈಯದೇ ತಪ್ಪೆಂಬಂತೆ ನಡೆದುಕೊಳ್ಳುತ್ತದೆ.

ನನ್ನ ತಾಯಿಗೆ ಈಗ ಎಪ್ಪತ್ತೈದು ದಾಟಿದೆ. ವಯಸ್ಸು ಅವಳ ಮೈಯನ್ನು ಮೆಲ್ಲಮೆಲ್ಲನೆ ಸಣ್ಣದು ಮಾಡಿದೆ. ಕುಪ್ಪಸಗಳೆಲ್ಲ ಭುಜದಿಂದ ಜಾರತೊಡಗಿದವು. ಜಾರುವ ಕುಪ್ಪಸವನ್ನು ಸೆರಗಿನಿಂದ ಮುಚ್ಚಿಕೊಳ್ಳುವ ಕೆಲಸಕ್ಕೇ ಅವಳ ಒಂದು ಕೈ ಮೀಸಲಾಯಿತು. ಕ್ರಮೇಣ ಹೊರಗೆ ಹೋಗುವುದೂ, ಸೋಮವಾರದ ಭಜನೆಗೆ ಕೂಡುವುದೂ ಕಡಿಮೆಯಾದವು. ಕಾಲುನೋವೆಂದು ಅವಳು ಹೇಳುತ್ತಿದ್ದಳು. ಮನೆಗೆ ಬಂದ ಸಿಂಪಿಗ ಕುಪ್ಪಸವನ್ನು ಬೆಳಕಿಗೆ ಹಿಡಿದು, “ಯವ್ವಾ, ಅರಿವಿ ಇನ್ನೂ ಗಟ್ಟಿ ಐತಿ. ಬದಿ ಒಳಗ ತಗೊಂಡು, ಬೆನ್ನಾಗ ಒಂದ ಚಿಮಟಿ ಹಿಡದ್ರ ಆತು” ಎಂದ. ಅವ್ವ ನಕ್ಕು, “ಸೊರಗಿದ್ದು ನಾನಪಾ, ಅರಿವಿ ಸೊರಗಿಲ್ಲ” ಎಂದಳು. ಆರು ಕುಪ್ಪಸಗಳೂ ಎರಡು ದಿನದಲ್ಲಿ ತಿದ್ದಿ ಬಂದವು. ಮುಂದಿನ ಸೋಮವಾರ ಅವ್ವ ಭಜನೆಗೆ ಹೋದಳು. ತಾಳ ಬಾರಿಸುವುದಕ್ಕೆ ಅವಳಿಗೂ ಎರಡು ಕೈ ಬೇಕಿದ್ದವು. ಮುಪ್ಪಿನಲ್ಲಿ ಹೊಸ ಬಟ್ಟೆಗಿಂತ ಹಳೆಯ ಬಟ್ಟೆಯೇ ಹೊಂದುವಂತಾಗುವುದು ಹೆಚ್ಚಿನ ಸಂತೋಷವನ್ನು ಕೊಡುತ್ತದೆಂದು ನನಗೆ ತೋರಿದೆ.

ಇನ್ನು ಮಿತವ್ಯಯದ ಮಾತು. ಮೈಗೆ ಹೊಂದಿದ ಬಟ್ಟೆ ಹೆಚ್ಚು ದಿನ ಬಾಳುತ್ತದೆ. ಇದಕ್ಕೆ ಕಾರಣ ಸರಳವಾದುದು. ಬಿಗಿಯಾದ ಅಂಗಿ ಕಂಕುಳಲ್ಲಿಯೂ ಬೆನ್ನಿನಲ್ಲಿಯೂ ಎಳೆತಕ್ಕೆ ಸಿಕ್ಕು ಹೊಲಿಗೆಯ ಪಕ್ಕದಲ್ಲಿ ಹರಿಯುತ್ತದೆ. ಉದ್ದವಾದ ಪ್ಯಾಂಟು ಹಿಮ್ಮಡಿಯ ಕೆಳಗೆ ಸಿಕ್ಕಿ ಅಂಚು ಪಿಸಿಯುತ್ತದೆ. ಹೊಂದದ ಬಟ್ಟೆಯ ಮತ್ತೊಂದು ಗತಿಯೆಂದರೆ ಟ್ರಂಕಿನ ತಳ. ಕೊಂಡೂ ತೊಡದ ಅರಿವೆಯಷ್ಟು ತುಟ್ಟಿಯಾದದ್ದು ಮತ್ತೊಂದಿಲ್ಲ. ಬ್ರಿಟನ್ನಿನ ಎಲೆನ್ ಮೆಕಾರ್ಥರ್ ಪ್ರತಿಷ್ಠಾನದ ೨೦೧೭ರ ವರದಿಯ ಪ್ರಕಾರ, ಒಂದು ಉಡುಪನ್ನು ಕೈಬಿಡುವ ಮುನ್ನ ಜನ ಎಷ್ಟು ಸಲ ತೊಡುತ್ತಾರೆಂಬ ಲೆಕ್ಕವು ಜಗತ್ತಿನಲ್ಲಿ ೧೫ ವರ್ಷಗಳಲ್ಲಿ ಶೇಕಡಾ ೩೬ರಷ್ಟು ಇಳಿದಿದೆ. ನೀರಿನ ಬೆಲೆ ಬಲ್ಲ ಘಟಪ್ರಭೆಯ ರೈತರಿಗೆ ಇನ್ನೊಂದು ಲೆಕ್ಕ ಬೇಗ ಅರ್ಥವಾದೀತು. ಒಂದು ಕಿಲೋ ಹತ್ತಿಬಟ್ಟೆ ಸಿದ್ಧವಾಗುವಲ್ಲಿ ಜಗತ್ತಿನ ಸರಾಸರಿಯಂತೆ ಸುಮಾರು ೧೦,೦೦೦ ಲೀಟರು ನೀರು ಖರ್ಚಾಗುತ್ತದೆ. ಕಾಲು ಕಿಲೋ ತೂಗುವ ಅಂಗಿಯೊಂದನ್ನು ತೊಡದೆ ಮೂಲೆಗೆ ಎಸೆದರೆ ಎರಡೂವರೆ ಸಾವಿರ ಲೀಟರು ನೀರನ್ನು ಒಡ್ಡು ಒಡೆದು ಹರಿಯಬಿಟ್ಟಂತೆ.

ನಮ್ಮ ಹಿರಿಯರು ಇಂಥ ಅಂಕಿಸಂಖ್ಯೆಗಳನ್ನು ಓದಿರಲಿಲ್ಲ. ಆದರೂ ಸೀರೆ ಹಳತಾದರೆ ಮಗಳಿಗೆ ಪರಕರ, ಪರಕರ ಸವೆದರೆ ಕೂಸಿಗೆ ಕುಲಾವಿ, ಉಳಿದ ಚೂರುಗಳೆಲ್ಲ ಕೂಡಿ ಕೌದಿ, ಹೀಗೆ ಅರಿವೆಗೆ ನಾಲ್ಕಾರು ಜನ್ಮಗಳನ್ನು ಕೊಡುತ್ತಿದ್ದರು. ‘ಅರಿವೆ’ ಎಂಬ ಪದಕ್ಕೆ ಸೋದರಿಯಾದ ತಮಿಳಿನ ‘ಅಱುವೈ’ ಶಬ್ದಕ್ಕೆ ಬಟ್ಟೆಯೆಂಬ ಅರ್ಥದ ಜೊತೆಗೆ ಕತ್ತರಿಸುವಿಕೆ ಎಂಬ ಅರ್ಥವೂ ಇದೆ. ಕತ್ತರಿಗೆ ಸಿಕ್ಕಿದ ಮಾತ್ರಕ್ಕೆ ಅರಿವೆಯ ಬಾಳು ಮುಗಿಯುವುದಿಲ್ಲ, ಅಲ್ಲಿಂದಲೇ ಶುರುವಾಗುತ್ತದೆ ಎಂಬುದು ಕೌದಿ ಹೊಲಿಯುವ ಪ್ರತಿಯೊಬ್ಬ ಅಜ್ಜಿಗೂ ತಿಳಿದಿತ್ತು.

ಇದಕ್ಕೆ ಬರುವ ಆಕ್ಷೇಪಗಳನ್ನೂ ನೋಡಬೇಕು. ತಿದ್ದಿಸಿದ ಬಟ್ಟೆ ಬಡವರ ಬಟ್ಟೆಯೆಂಬ ಭಾವನೆ ನಮ್ಮ ತರುಣರಲ್ಲಿ ಬೇರೂರಿದೆ. ಕನ್ನಡ ಕಲಿಸುವವನಿಗೆ ಈ ಮಾತು ವಿಚಿತ್ರವೆನಿಸುತ್ತದೆ. ನಾವು ಅಕ್ಷರವನ್ನು ತಿದ್ದಿ ಕಲಿತವರು. ಪ್ರಬಂಧವನ್ನು ತಿದ್ದಿಸಿಕೊಂಡು ಬೆಳೆದವರು. ತಿದ್ದಿದ ಬರಹ ಬಡ ಬರಹವೆಂದು ಯಾರೂ ಹೇಳುವುದಿಲ್ಲ. ಬಟ್ಟೆಗೆ ಮಾತ್ರ ಬೇರೆ ನ್ಯಾಯವೇಕೆ? ಎರಡನೆಯ ಆಕ್ಷೇಪ: ಇಷ್ಟು ಅಗ್ಗಕ್ಕೆ ಹೊಸದೇ ಸಿಗುವಾಗ ಹಳೆಯದಕ್ಕೆ ಖರ್ಚೇಕೆ ಎಂಬುದು. ಆ ಅಗ್ಗದ ಹೊಸದೂ ಮೈಗೆ ಹೊಂದದಿದ್ದರೆ ಖರ್ಚು ಎರಡು ಸಲ ಆದಂತೆಯೇ. ಮೂರನೆಯದು ಸಿಂಪಿಗನ ‘ನಾಳೆ ಬರ್ರಿ’. ಈ ‘ನಾಳೆ’ ಹಿಂದೂ ಇತ್ತು, ಇಂದೂ ಇದೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಬ್ಬದ ಮುಂಚಿನ ವಾರವನ್ನು ಬಿಟ್ಟು ಬೇರೆ ದಿನ ಹೋಗುವುದೊಂದೇ ಉಪಾಯ.

ಯಂತ್ರದಿಂದ ಈ ಕಸುಬು ಅಳಿಯಿತೆನ್ನುವುದೂ ಪೂರ್ಣ ಸತ್ಯವಲ್ಲ. ಫ್ರಾನ್ಸಿನ ತಿಮೋನಿಯೇ ಎಂಬಾತ ೧೮೩೦ರಲ್ಲಿ ಹೊಲಿಗೆ ಯಂತ್ರಕ್ಕೆ ಸ್ವಾಮ್ಯಪತ್ರ ಪಡೆದಾಗ ಅನ್ನಕ್ಕೆ ಸಂಚಕಾರ ಬಂತೆಂದು ಹೆದರಿದ ದರ್ಜಿಗಳು ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಮುಂದೆ ೧೮೫೧ರಲ್ಲಿ ಅಮೆರಿಕದ ಸಿಂಗರ್ ತನ್ನ ಯಂತ್ರಕ್ಕೆ ಸ್ವಾಮ್ಯ ಪಡೆದ ಮೇಲೆ ಅದೇ ಯಂತ್ರ ದರ್ಜಿಯ ಬಲಗೈಯಾಯಿತು. ಯಂತ್ರಗಳ ವಿಷಯದಲ್ಲಿ ಅಷ್ಟೊಂದು ಕಟ್ಟುನಿಟ್ಟಾಗಿದ್ದ ಗಾಂಧೀಜಿಯವರು ಸಹ ೧೯೨೪ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಅಪವಾದವಾಗಿ ಒಪ್ಪಿಕೊಂಡರು; ಅದರ ಹಿಂದೆ ಹೆಂಡತಿಯ ದುಡಿಮೆಯನ್ನು ಹಗುರ ಮಾಡಬೇಕೆಂಬ ಪ್ರೀತಿಯನ್ನು ಅವರು ಕಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದರು. ಗೋಕಾಕ ಜಲಪಾತದ ಬಳಿ ೧೮೮೦ರ ದಶಕದಲ್ಲಿಯೇ ನೀರಿನ ಬಲದಿಂದ ನೂಲಿನ ಗಿರಣಿ ನಡೆದ ನಾಡು ಇದು. ಯಂತ್ರವನ್ನು ಕಂಡು ಬೆದರುವ ಜನ ನಾವಲ್ಲ.

ಇಂದಿನ ಭಯ ಬೇರೆ ಬಗೆಯದು. ಅಗ್ಗದ ಸಿದ್ಧ ಉಡುಪಿನಲ್ಲಿ ಬಟ್ಟೆ ಉಳಿಸುವುದಕ್ಕಾಗಿ ಹೊಲಿಗೆಯ ಅಂಚಿನವರೆಗೂ ಕತ್ತರಿಸಿ ಓವರ್‌ಲಾಕ್ ಹಾಕಿಬಿಡುತ್ತಾರೆ. ಒಳಗೆ ಮಡಿಕೆಯೇ ಇಲ್ಲದಿರುವಾಗ ಸಿಂಪಿಗ ಏನನ್ನು ಬಿಚ್ಚಬೇಕು? ಸಡಿಲವಾದುದನ್ನು ಬಿಗಿ ಮಾಡಬಹುದೇ ಹೊರತು ಬಿಗಿಯಾದುದನ್ನು ಸಡಿಲಿಸುವಂತಿಲ್ಲ. ಬೆಳೆಯುವ ಮಕ್ಕಳಿಗೆ ಇದರಿಂದ ಹೆಚ್ಚಿನ ನಷ್ಟ. ಕೇಂದ್ರ ಸರಕಾರ ೨೦೨೩ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ಸಲಕರಣೆಗಾಗಿ ೧೫,೦೦೦ ರೂಪಾಯಿಯವರೆಗೆ ನೆರವುಂಟು. ಹಳ್ಳಿಗಳಲ್ಲಿ ಈಗ ಮನೆಯ ಪಡಸಾಲೆಯಲ್ಲಿಯೇ ಯಂತ್ರವಿಟ್ಟುಕೊಂಡು ಹೊಲಿಯುವ ಹೆಣ್ಣುಮಕ್ಕಳು ಅನೇಕರಿದ್ದಾರೆ. ಯಂತ್ರ ಬಂದರಾಯಿತೆ? ಕೆಲಸ ಬರಬೇಕು. ಅದನ್ನು ಒಯ್ಯಬೇಕಾದವರು ನಾವು. ಒಯ್ದ ಮೇಲೆ, ‘ಒಂದ ಹೊಲಿಗಿಗೆ ಇಷ್ಟ್ಯಾಕ’ ಎಂದು ಚೌಕಾಸಿ ಮಾಡದೆ ಕೊಡಬೇಕಾದವರೂ ನಾವೇ. ನಾವು ಹಣ ಕೊಡುವುದು ಆ ಒಂದು ಹೊಲಿಗೆಗಲ್ಲ, ಅದನ್ನು ಎಲ್ಲಿ ಹಾಕಬೇಕೆಂದು ಬಲ್ಲ ಕಣ್ಣಿಗೆ.

ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ. ಈ ಹೊತ್ತು ಟ್ರಂಕನ್ನೋ ಕಪಾಟನ್ನೋ ತೆರೆದು, ಹೊಂದದೆಂಬ ಒಂದೇ ಕಾರಣಕ್ಕೆ ತೊಡದೆ ಇಟ್ಟ ಅರಿವೆಗಳನ್ನು ಹೊರತೆಗೆಯಿರಿ. ಅರಿವೆ ಗಟ್ಟಿಯಿದ್ದು ಭುಜ ಹೊಂದುವಂತಿದ್ದರೆ ಒಗೆದು ಸಿಂಪಿಗನಲ್ಲಿಗೆ ಒಯ್ಯಿರಿ. ಒಗೆಯದ ಹತ್ತಿಬಟ್ಟೆ ತಿದ್ದಿದ ಮೇಲೆ ಕುಗ್ಗೀತು. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಡಿರಿ, ಇದ್ದಂತೆ ನಿಲ್ಲಿರಿ. ಮಕ್ಕಳಿಗೆ ಹೊಸದಾಗಿ ಹೊಲಿಸುವಾಗ ಒಳಗೆ ನಾಲ್ಕು ಬೆರಳು ಬಟ್ಟೆ ಬಿಡಿರೆಂದು ಬಾಯಿಬಿಟ್ಟು ಕೇಳಿರಿ. ತೊಡುವ ಮಗು ನಾಳೆ ಬೆಳೆಯುತ್ತದೆಂಬ ನಂಬಿಕೆಯಿಂದ ಬಿಟ್ಟ ಬಟ್ಟೆ ಅದು. ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ, ಬೇಕಾದ ದಿನ ಒದಗದೆ ಇರುವುದಿಲ್ಲ.